ಥೈರಾಯ್ಡ್ ಗುಳಿಗೆಗೆ ಇಷ್ಟೊಂದು ಕಟ್ಟುನಿಟ್ಟು ಏಕೆ?

ಕೆಲವು ವರ್ಷಗಳ ಹಿಂದಿನ ಮಾತು. ಔರಾದ ತಾಲ್ಲೂಕಿನ ಒಂದು ಹಳ್ಳಿಯಿಂದ ಅತ್ತೆ, ಸೊಸೆ ಇಬ್ಬರೂ ಬೀದರಿನ ನನ್ನ ದವಾಖಾನೆಗೆ ಬಂದರು. ಸೊಸೆಗೆ ಐದನೇ ತಿಂಗಳು. ಮುಖ ಊದಿಕೊಂಡಿತ್ತು, ಮಾತು ನಿಧಾನವಾಗಿತ್ತು, ಕುಳಿತಲ್ಲೇ ಕಣ್ಣು ಮುಚ್ಚುತ್ತಿತ್ತು. ಅವರು ತಂದಿದ್ದ ಹಳೆಯ ಚೀಟಿಗಳನ್ನು ತೆಗೆದು ನೋಡಿದೆ. ಮದುವೆಗೆ ಮುಂಚೆಯೇ ಆಕೆಗೆ ಥೈರಾಯ್ಡ್ ಕೊರತೆ ಇದೆಯೆಂದು ಗೊತ್ತಾಗಿ ದಿನಕ್ಕೊಂದು ಗುಳಿಗೆ ಶುರುವಾಗಿತ್ತು. “ಗುಳಿಗಿ ತಗೋತಿದ್ದೀಯೇನವ್ವಾ?” ಎಂದು ಕೇಳಿದೆ. ಆಕೆ ಅತ್ತೆಯ ಮುಖ ನೋಡಿದಳು. ಅತ್ತೆಯೇ ಉತ್ತರ ಕೊಟ್ಟರು: “ನಾನೇ ಬಿಡಿಸೀನ್ರಿ ಡಾಕ್ಟರ್ ಸಾಬ್. ಹೊಟ್ಟ್ಯಾಗ ಕೂಸು ಅದ. ದಿನಾ ಗುಳಿಗಿ ನುಂಗಿದ್ರ ಕೂಸಿಗಿ ಉಷ್ಣ ಆಗ್ತದ.”

ಆ ಹಿರಿಯ ಹೆಂಗಸಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಸುರಿಯರು ಸಿಕ್ಕಸಿಕ್ಕ ಔಷಧಿ ತಿನ್ನಬಾರದು ಎಂಬ ಅವರ ಎಚ್ಚರಿಕೆ ಒಳ್ಳೆಯದೇ. ಆದರೆ ಈ ಒಂದು ಗುಳಿಗೆಯ ವಿಷಯದಲ್ಲಿ ಆ ಎಚ್ಚರಿಕೆಯೇ ಕೂಸಿಗೆ ಅಪಾಯ ತರುತ್ತದೆ. ತಪ್ಪು ನಮ್ಮದೂ ಹೌದು. “ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ, ಬಿಡಬೇಡಿ” ಎಂದು ವೈದ್ಯರಾದ ನಾವು ಚೀಟಿಯಲ್ಲಿ ಬರೆದು ಮುಂದಿನ ರೋಗಿಯನ್ನು ಕರೆಯುತ್ತೇವೆ. ಯಾಕೆ ಎಂದು ಹೇಳುವುದಿಲ್ಲ. ಕಾರಣ ತಿಳಿಯದ ನಿಯಮವನ್ನು ಯಾರೂ ಬಹಳ ದಿನ ಪಾಲಿಸುವುದಿಲ್ಲ.

ಈ ಗುಳಿಗೆಯ ಒಂದೊಂದು ನಿಯಮದ ಹಿಂದೆಯೂ ವರ್ಷಗಟ್ಟಲೆ ನಡೆದ ಸಂಶೋಧನೆ ಇದೆ. ನಿಮ್ಮಂಥ ರೋಗಿಗಳೇ ಅದಕ್ಕೆ ಒಪ್ಪಿ, ರಕ್ತ ಕೊಟ್ಟು, ಸಹಕರಿಸಿದ್ದಾರೆ. ಆ ಕಾರಣಗಳನ್ನು ಈ ವಾರ ನಿಮ್ಮ ಮುಂದಿಡುತ್ತೇನೆ.

ಗ್ರಂಥಿಯ ಕೆಲಸ

ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಮಣಿಯ ಸ್ವಲ್ಪ ಕೆಳಗೆ, ಚಿಟ್ಟೆಯ ಆಕಾರದ ಒಂದು ಗ್ರಂಥಿ ಇದೆ. ತೂಕ ಸುಮಾರು 20 ಗ್ರಾಂ. ಇದೇ ಥೈರಾಯ್ಡ್. ಆಹಾರದಿಂದ ಬರುವ ಅಯೋಡಿನ್ ಹೀರಿಕೊಂಡು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸಿ ನೇರವಾಗಿ ರಕ್ತಕ್ಕೆ ಸೇರಿಸುತ್ತದೆ. ಹೃದಯದ ಬಡಿತ, ಕರುಳಿನ ಚಲನೆ, ಮೈಯ ಶಾಖ, ಮುಟ್ಟಿನ ಕ್ರಮ, ಮಕ್ಕಳ ಎತ್ತರ ಮತ್ತು ಬುದ್ಧಿ, ಇವೆಲ್ಲಕ್ಕೂ ಥೈರಾಕ್ಸಿನ್ ಬೇಕು. ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುವ ಕೈ ಇದು ಎನ್ನಬಹುದು.

ಈ ಗ್ರಂಥಿಯ ಮೇಲೆ ಒಬ್ಬ ಮೇಲ್ವಿಚಾರಕನಿದ್ದಾನೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿ.ಎಸ್.ಎಚ್. ಎಂಬ ಇನ್ನೊಂದು ಹಾರ್ಮೋನನ್ನು ಕಳಿಸಿ ಥೈರಾಯ್ಡಿನಿಂದ ಕೆಲಸ ಮಾಡಿಸುತ್ತದೆ. ಥೈರಾಕ್ಸಿನ್ ಕಡಿಮೆಯಾದರೆ ಪಿಟ್ಯುಟರಿ ಹೆಚ್ಚು ಟಿ.ಎಸ್.ಎಚ್. ಸುರಿಸುತ್ತದೆ. ಆದ್ದರಿಂದ ರಕ್ತದಲ್ಲಿ ಟಿ.ಎಸ್.ಎಚ್. ಏರಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಸೋತಿದೆ ಎಂದರ್ಥ. “ರಿಪೋರ್ಟಿನಲ್ಲಿ ಅಂಕಿ ಜಾಸ್ತಿ ಇದೆ, ಹಾಗಾದರೆ ಥೈರಾಯ್ಡ್ ಜಾಸ್ತಿ ಆಗಿದೆಯೇ?” ಎಂದು ಅನೇಕರು ಕೇಳುತ್ತಾರೆ. ವಿಷಯ ತಿರುಗುಮುರುಗು. ಕೂಲಿಯಾಳು ಕೆಲಸ ಮಾಡದಿದ್ದಾಗ ಮಾಲೀಕನ ದನಿ ಏರುತ್ತದಲ್ಲ, ಹಾಗೆ.

ನಾನೇ ತಪ್ಪಿದ್ದು

ಈ ಕೊರತೆ ಸದ್ದಿಲ್ಲದೆ ಬರುತ್ತದೆ. ಸುಸ್ತು, ನಿದ್ದೆ, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಚಳಿ ತಡೆಯಲಾಗದಿರುವುದು, ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವ, ಮರೆವು, ಬೇಸರ. ಇವುಗಳಲ್ಲಿ ಯಾವುದೂ ಈ ರೋಗಕ್ಕೆ ಮಾತ್ರ ಸೇರಿದ್ದಲ್ಲ. ಹೊಲ, ಮನೆ, ಮಕ್ಕಳು ಎಂದು ದುಡಿಯುವ ಹೆಂಗಸು “ಸುಸ್ತು” ಎಂದರೆ ಮನೆಯವರು ಗಮನಿಸುವುದಿಲ್ಲ. ಕೆಲವೊಮ್ಮೆ ವೈದ್ಯರೂ ಗಮನಿಸುವುದಿಲ್ಲ.

ಭಾಲ್ಕಿ ಕಡೆಯ ಒಬ್ಬ ತಾಯಿಗೆ ನಾನು ಎಂಟು ತಿಂಗಳು ಬರೀ ಕಬ್ಬಿಣದ ಗುಳಿಗೆ ಕೊಟ್ಟೆ. ರಕ್ತ ಕಡಿಮೆ ಇತ್ತು, ಮುಟ್ಟು ಜಾಸ್ತಿ ಹೋಗುತ್ತಿತ್ತು. ರಕ್ತಹೀನತೆಯೇ ಸುಸ್ತಿಗೆ ಕಾರಣ ಎಂದುಕೊಂಡೆ. ಗುಳಿಗೆ ಕೊಟ್ಟಾಗ ರಕ್ತ ಸ್ವಲ್ಪ ಏರುವುದು, ಮತ್ತೆ ಇಳಿಯುವುದು. ಒಮ್ಮೆ ಜೊತೆಗೆ ಬಂದ ಮಗಳು ಹೇಳಿದಳು: “ನಮ್ಮವ್ವನ ದನಿ ಗಂಡಸರ ಹಂಗ ಆಗ್ಯಾದ್ರಿ.” ಆಗ ನನಗೆ ಹೊಳೆಯಿತು. ಥೈರಾಯ್ಡ್ ಕೊರತೆಯಲ್ಲಿ ದನಿ ಒಡೆದು ದಪ್ಪವಾಗುತ್ತದೆ, ಮುಟ್ಟಿನ ಸ್ರಾವ ಹೆಚ್ಚಿ ರಕ್ತವೂ ಕಡಿಮೆಯಾಗುತ್ತದೆ. ಟಿ.ಎಸ್.ಎಚ್. ಮಾಡಿಸಿದರೆ ಬಹಳ ಏರಿತ್ತು. ಮೊದಲ ತಿಂಗಳಲ್ಲೇ ನಾನು ಬರೆಯಬೇಕಿದ್ದ ಪರೀಕ್ಷೆ ಅದು.

ಈ ತೊಂದರೆ ಅಪರೂಪದ್ದೂ ಅಲ್ಲ. ಬೆಂಗಳೂರು, ಹೈದರಾಬಾದ್ ಸೇರಿದಂತೆ ದೇಶದ 8 ನಗರಗಳಲ್ಲಿ 5,376 ವಯಸ್ಕರ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಸುಮಾರು ಶೇ. 11ರಷ್ಟು ಜನರಲ್ಲಿ ಥೈರಾಯ್ಡ್ ಕೊರತೆ ಕಂಡಿತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

870 ಕುರಿಗಳ ಕಥೆ

ಇದಕ್ಕೆ ಚಿಕಿತ್ಸೆ ಸಿಕ್ಕಿದ ಕಥೆ ಸ್ವಾರಸ್ಯಕರವಾಗಿದೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲಿ ಜಾರ್ಜ್ ಮರೆ ಎಂಬ ತರುಣ ವೈದ್ಯರ ಬಳಿ 46 ವರ್ಷದ ಒಬ್ಬ ಮಹಿಳೆ ಬಂದರು. ಮುಖ ಕೈಕಾಲು ಊದಿ, ಮಾತು ತೊದಲಿ, ಮನೆಯಿಂದ ಹೊರಬೀಳಲಾಗದ ಸ್ಥಿತಿ. ಆ ಕಾಲಕ್ಕೆ ಇದಕ್ಕೆ ಮದ್ದೇ ಇರಲಿಲ್ಲ. ಮರೆ ಅವರು ಕುರಿಯ ಥೈರಾಯ್ಡ್ ಗ್ರಂಥಿಯ ಸಾರ ತೆಗೆದು ಆಕೆಗೆ ಚುಚ್ಚಿದರು. ಕೆಲವೇ ತಿಂಗಳಲ್ಲಿ ಬಾವು ಇಳಿಯಿತು, ಮಾತು ತಿಳಿಯಾಯಿತು. ಮುಂದೆ ಅದೇ ಸಾರವನ್ನು ಬಾಯಿಂದ ಕೊಡುವ ರೂಢಿ ಬಂತು. ಆ ಮಹಿಳೆ ಇನ್ನೂ 28 ವರ್ಷ ಬದುಕಿ 1919ರಲ್ಲಿ, 74ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವರ್ಷಗಳಲ್ಲಿ ಆಕೆಗಾಗಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬಳಕೆಯಾಗಿತ್ತಂತೆ.

ಇದರಲ್ಲಿ ಗಮನಿಸಬೇಕಾದ ಅಂಶವೆಂದರೆ ಆ 28 ವರ್ಷ. ಚಿಕಿತ್ಸೆ ಗ್ರಂಥಿಯನ್ನು ವಾಸಿ ಮಾಡಲಿಲ್ಲ. ಗ್ರಂಥಿ ಮಾಡಲಾರದ ವಸ್ತುವನ್ನು ಹೊರಗಿನಿಂದ ತುಂಬಿಕೊಟ್ಟಿತು. ತುಂಬುವುದು ನಿಂತರೆ ಕೊರತೆ ಮರಳುತ್ತದೆ.

ಅಮೆರಿಕದ ಕೆಂಡಾಲ್ ಎಂಬ ವಿಜ್ಞಾನಿ 1914ರ ಕ್ರಿಸ್‌ಮಸ್ ದಿನ ಥೈರಾಕ್ಸಿನ್ನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. 1927ರಲ್ಲಿ ಬ್ರಿಟನ್ನಿನ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದರು. ಇಂದು ನೀವು ನುಂಗುವ ಲೀವೋಥೈರಾಕ್ಸಿನ್ ಗುಳಿಗೆ ಅದೇ ವಸ್ತು. ನಿಮ್ಮ ಗ್ರಂಥಿ ತಯಾರಿಸುವ ಥೈರಾಕ್ಸಿನ್ನಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಇದು ಸ್ಟೀರಾಯ್ಡ್ ಅಲ್ಲ, ಚಟ ಹಿಡಿಸುವುದಿಲ್ಲ, ಉಷ್ಣವೂ ಅಲ್ಲ.

ಗ್ರಂಥಿ ಸೋಲುವುದೇಕೆ?

ಮೊದಲು ಮುಖ್ಯ ಕಾರಣ ಅಯೋಡಿನ್ ಕೊರತೆ. ಅಯೋಡಿನ್ ಸಿಗದೆ ಗ್ರಂಥಿ ಊದಿಕೊಂಡು ಗಳಗಂಡವಾಗುತ್ತದೆ. ಹಿಮಾಲಯದ ತಪ್ಪಲಲ್ಲಿ ಮಳೆ, ಹಿಮ ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋಗುವುದರಿಂದ ಅಲ್ಲಿ ಊರಿಗೆ ಊರೇ ಗಳಗಂಡ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಾಂಗ್ಡಾ ಕಣಿವೆಯನ್ನು ಮೂರು ಭಾಗ ಮಾಡಿ ಒಂದು ಪ್ರಯೋಗ ಶುರು ಮಾಡಿದರು. ಎರಡು ಭಾಗಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು. ಶುರುವಿನಲ್ಲಿ ಹತ್ತು ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಗಳಗಂಡವಿತ್ತು. 1962ರ ಹೊತ್ತಿಗೆ ಅಯೋಡಿನ್ ಉಪ್ಪು ತಿಂದ ಎರಡು ಭಾಗಗಳಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಸಾದಾ ಉಪ್ಪಿನ ಭಾಗದಲ್ಲಿ ಇಳಿಯಲಿಲ್ಲ. ಆಮೇಲೆ ಅವರಿಗೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲಿಯೂ ಇಳಿಯಿತು. ಅದೇ 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 2006ರಿಂದ ಅಡಿಗೆಗೆ ಅಯೋಡಿನ್ ಇಲ್ಲದ ಉಪ್ಪನ್ನು ಮಾರುವುದು ದೇಶದಾದ್ಯಂತ ನಿಷಿದ್ಧ.

ಆದ್ದರಿಂದ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಹರಳು ಉಪ್ಪು ಅಗ್ಗವೆಂದು ಅಡಿಗೆಗೆ ತರಬೇಡಿ. ಆರೋಗ್ಯಕ್ಕೆಂದು ಸೈಂಧವ ಲವಣಕ್ಕೆ ಬದಲಾಯಿಸಿಕೊಂಡವರೂ ಯೋಚಿಸಬೇಕು. ಅದರಲ್ಲಿ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ಪೊಟ್ಟಣದ ಮೇಲೆ ನಗುವ ಸೂರ್ಯನ ಗುರುತು ನೋಡಿ ಕೊಳ್ಳಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ.

ಸಜ್ಜೆಯ ಬಗ್ಗೆ ಒಂದು ಮಾತು. ಸುಡಾನಿನ ದಾರ್ಫುರ್ ಪ್ರದೇಶದಲ್ಲಿ ಮೂರು ಹೊತ್ತೂ ಸಜ್ಜೆಯನ್ನೇ ತಿನ್ನುವ ಜನರಲ್ಲಿ ಗಳಗಂಡ ಹೆಚ್ಚಿರುವುದನ್ನು ಕಂಡ ವಿಜ್ಞಾನಿಗಳು, ಸಜ್ಜೆಯಲ್ಲಿನ ಕೆಲವು ಅಂಶಗಳು ಥೈರಾಯ್ಡಿನ ಕೆಲಸಕ್ಕೆ ಅಡ್ಡಿಪಡಿಸುತ್ತವೆ ಎಂದು 1989ರಲ್ಲಿ ತೋರಿಸಿದರು. ಇದನ್ನು ಕೇಳಿ ಎಳ್ಳಮಾಸಿಯ ಸಜ್ಜೆ ರೊಟ್ಟಿ, ಭಜ್ಜಿ ಬಿಡಬೇಕಾಗಿಲ್ಲ. ಜೋಳ, ತೊಗರಿ, ಪಲ್ಯ, ಹಾಲು ಎಲ್ಲ ಸೇರಿದ ನಮ್ಮ ಊಟದಲ್ಲಿ, ಅಯೋಡಿನ್ ಉಪ್ಪೂ ಇದ್ದಾಗ, ಚಳಿಗಾಲದ ಸಜ್ಜೆ ರೊಟ್ಟಿಗೆ ಹೆದರಬೇಕಿಲ್ಲ.

ಇಂದು ಅಯೋಡಿನ್ ಉಪ್ಪು ತಿನ್ನುವ ಮನೆಗಳಲ್ಲೂ ಥೈರಾಯ್ಡ್ ಕೊರತೆ ಕಾಣುತ್ತದೆ. ಇಂಥವರಲ್ಲಿ ಹೆಚ್ಚಿನವರಿಗೆ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ತನ್ನ ಗ್ರಂಥಿಯ ಮೇಲೆ ದಾಳಿ ಮಾಡಿರುತ್ತದೆ. ಜಪಾನಿನ ಹಶಿಮೊಟೊ ಎಂಬ ವೈದ್ಯರು 1912ರಲ್ಲಿ ನಾಲ್ವರು ಮಹಿಳೆಯರ ಗ್ರಂಥಿಯನ್ನು ಪರೀಕ್ಷಿಸಿ ಇದನ್ನು ಮೊದಲು ವಿವರಿಸಿದ್ದರಿಂದ ರೋಗಕ್ಕೆ ಅವರ ಹೆಸರೇ ಬಂದಿದೆ. ಇಂಥವರು ಹೆಚ್ಚು ಹೆಚ್ಚು ಅಯೋಡಿನ್ ತಿಂದರೆ ಉಪಯೋಗವಿಲ್ಲ, ಕೆಲವೊಮ್ಮೆ ಕೇಡೂ ಆದೀತು.

ಖಾಲಿ ಹೊಟ್ಟೆ, ಚಹಾ ಮತ್ತು ಗುಳಿಗೆ

“ಡಾಕ್ಟರ್ ಸಾಬ್, ಒಂದು ದಿನಾನೂ ಬಿಟ್ಟಿಲ್ಲ, ಆದರೂ ರಿಪೋರ್ಟ್ ಇಳೀತಿಲ್ಲ.” ಇದು ನಾನು ವಾರಕ್ಕೊಮ್ಮೆಯಾದರೂ ಕೇಳುವ ದೂರು. ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ ಉತ್ತರ ಒಂದೇ: ಬೆಳಿಗ್ಗೆ ಚಹಾದ ಜೊತೆ.

ನಮ್ಮ ಕಡೆ ಬೆಳಗಾದರೆ ಚಹಾ ಬೇಕೇ ಬೇಕು. ಆದರೆ ಈ ಗುಳಿಗೆಯ ಪ್ರಮಾಣ ಎಷ್ಟು ಸಣ್ಣದೆಂದು ಯೋಚಿಸಿ. ಅದನ್ನು ಅಳೆಯುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನೂರರ ಗುಳಿಗೆ ಎಂದರೆ ಅಂಥ ನೂರು ಪಾಲು ಅಷ್ಟೇ. ಕರುಳಿನಲ್ಲಿ ಬೇರೆ ವಸ್ತು ಅಡ್ಡ ಬಂದರೆ ಅದರಲ್ಲೂ ಒಂದು ಭಾಗ ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. 2008ರಲ್ಲಿ ಇಟಲಿಯ ವೈದ್ಯರು ಕಾಫಿಯ ಜೊತೆ ನುಂಗಿದ ಗುಳಿಗೆ ಸರಿಯಾಗಿ ಹೀರಿಕೆಯಾಗುವುದಿಲ್ಲ ಎಂದು ತೋರಿಸಿದರು. ಹಾಲಿನ ಕ್ಯಾಲ್ಸಿಯಂ ಕೂಡ ಇದಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಎದ್ದ ಕೂಡಲೇ ಬರೀ ನೀರಿನ ಜೊತೆ ಗುಳಿಗೆ ನುಂಗಿ. ಚಹಾ, ಉಪಾಹಾರ ಅರ್ಧದಿಂದ ಒಂದು ಗಂಟೆಯ ನಂತರ.

ಬೆಳಿಗ್ಗೆ ಬೇಗ ಹೊಲಕ್ಕೆ ಹೋಗುವವರು, ಮಕ್ಕಳಿಗೆ ಬುತ್ತಿ ಕಟ್ಟುವ ತಾಯಂದಿರು ಇದು ಆಗದ ಮಾತು ಎನ್ನಬಹುದು. ಅವರಿಗೂ ದಾರಿ ಇದೆ. ನೆದರ್‌ಲ್ಯಾಂಡ್ಸ್ ದೇಶದಲ್ಲಿ 90 ರೋಗಿಗಳು ಪೂರ್ತಿಗೊಳಿಸಿದ ಒಂದು ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಪ್ರತಿಯೊಬ್ಬರಿಗೂ ದಿನಕ್ಕೆ ಎರಡು ಮಾತ್ರೆ, ಒಂದು ಬೆಳಿಗ್ಗೆ, ಒಂದು ಮಲಗುವಾಗ. ಒಂದರಲ್ಲಿ ಔಷಧಿ, ಇನ್ನೊಂದು ಬರೀ ತೋರಿಕೆಯದು. ಯಾವುದರಲ್ಲಿ ಔಷಧಿ ಇದೆಯೆಂದು ರೋಗಿಗೂ ಗೊತ್ತಿಲ್ಲ, ಕೊಡುವ ವೈದ್ಯರಿಗೂ ಗೊತ್ತಿಲ್ಲ. ಮೂರು ತಿಂಗಳಾದ ಮೇಲೆ ಅದಲು ಬದಲು. ಹೀಗೆ ಮುಚ್ಚಿಟ್ಟು ನಡೆಸುವುದೇಕೆ ಗೊತ್ತೇ? “ಇದು ಒಳ್ಳೆಯದು” ಎಂಬ ನಂಬಿಕೆಯೇ ಫಲಿತಾಂಶವನ್ನು ಬಗ್ಗಿಸದಿರಲಿ ಎಂದು. ಕೊನೆಗೆ ಲೆಕ್ಕ ತೆಗೆದಾಗ, ಮಲಗುವಾಗ ಔಷಧಿ ತೆಗೆದುಕೊಂಡ ಅವಧಿಯಲ್ಲಿ ಟಿ.ಎಸ್.ಎಚ್. ಇನ್ನಷ್ಟು ಚೆನ್ನಾಗಿ ಇಳಿದಿತ್ತು. ಆದ್ದರಿಂದ ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವಾಗ ತೆಗೆದುಕೊಂಡರೂ ಆದೀತು. ರೋಜಾ ಹಿಡಿಯುವವರು ಸಹರಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಬಹುದು. ಯಾವ ಹೊತ್ತಾದರೂ ಸರಿ, ದಿನವೂ ಒಂದೇ ಹೊತ್ತಿರಲಿ.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳನ್ನು ಇದರಿಂದ ನಾಲ್ಕು ಗಂಟೆ ದೂರ ಇಡಿ. ಬಸುರಿಯರಿಗೆ ಮೂರೂ ಗುಳಿಗೆ ಇರುವುದರಿಂದ ಇದು ಬಹಳ ಮುಖ್ಯ. ಬೆಳಿಗ್ಗೆ ಥೈರಾಯ್ಡ್, ಮಧ್ಯಾಹ್ನ ಊಟದ ನಂತರ ಒಂದು, ರಾತ್ರಿ ಇನ್ನೊಂದು ಎಂದು ಗೊತ್ತು ಮಾಡಿಕೊಳ್ಳಿ. ನಮ್ಮ ಜಿಲ್ಲೆಯ ಹೊಲಗಳಲ್ಲಿ ಈಗ ಸೋಯಾ ಅವರೆ ಹೇರಳವಾಗಿ ಬೆಳೆಯುತ್ತದೆ. ಸೋಯಾ ಹಿಟ್ಟು, ಸೋಯಾ ಹಾಲು ಬಳಸುವ ಮನೆಗಳಲ್ಲಿ ಅದನ್ನೂ ಗುಳಿಗೆಯ ಹೊತ್ತಿಗೆ ತಿನ್ನಬೇಡಿ.

ನಮ್ಮ ಬಿಸಿಲಿನ ಬಗ್ಗೆಯೂ ಹೇಳಬೇಕು. ಈ ಗುಳಿಗೆ ಶಾಖ, ಬೆಳಕು, ತೇವ ಮೂರಕ್ಕೂ ಕೆಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಲೆಯ ಪಕ್ಕದ ಗೂಡಿನಲ್ಲಿ, ಕಿಟಕಿಯ ಮೇಲೆ, ನಿಲ್ಲಿಸಿದ ವಾಹನದಲ್ಲಿ ಬಾಟಲಿ ಇಡಬೇಡಿ. ಮನೆಯ ತಂಪಾದ, ಕತ್ತಲೆಯ ಮೂಲೆಯಲ್ಲಿಡಿ.

“ಬಿಟ್ಟರೂ ಏನೂ ಆಗಲಿಲ್ಲ”

ಈ ಮಾತೂ ಬಹಳ ಜನ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ದೇಹಕ್ಕೆ ಸೇರಿದ ಥೈರಾಕ್ಸಿನ್ ಅರ್ಧವಾಗಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಗುಳಿಗೆ ಬಿಟ್ಟ ಮೊದಲ ದಿನಗಳಲ್ಲಿ ಏನೂ ತಿಳಿಯುವುದಿಲ್ಲ. “ವಾಸಿಯಾಯಿತು” ಎಂದುಕೊಳ್ಳುತ್ತಾರೆ. ತಿಂಗಳು ಎರಡು ತಿಂಗಳಿಗೆ ಸುಸ್ತು ನಿಧಾನವಾಗಿ ಮರಳಿದಾಗ, ಅದು ಗುಳಿಗೆ ಬಿಟ್ಟದ್ದರ ಫಲವೆಂದು ಹೊಳೆಯುವುದೇ ಇಲ್ಲ. ಇದೇ ಕಾರಣಕ್ಕೆ ಪ್ರಮಾಣ ಬದಲಾಯಿಸಿದ ಮೇಲೆ 6ರಿಂದ 8 ವಾರ ಕಾದು ರಕ್ತ ಪರೀಕ್ಷೆ ಮಾಡಿಸಬೇಕು. ಹತ್ತೇ ದಿನಕ್ಕೆ ಮಾಡಿಸಿದರೆ ದುಡ್ಡು ದಂಡ. ಒಂದು ದಿನ ಮರೆತರೆ ಗಾಬರಿ ಬೇಡ, ನೆನಪಾದಾಗ ತೆಗೆದುಕೊಳ್ಳಿ.

ಬಸಿರು ನಿಂತಾಗ

ಮೊದಲು ಹೇಳಿದ ಸೊಸೆಯ ವಿಷಯಕ್ಕೆ ಬರೋಣ. ಹೊಟ್ಟೆಯಲ್ಲಿರುವ ಕೂಸಿನ ಥೈರಾಯ್ಡ್ ಮೊದಲ ತಿಂಗಳುಗಳಲ್ಲಿ ಕೆಲಸ ಮಾಡುವುದಿಲ್ಲ. ಅದರ ಮೆದುಳು ಬೆಳೆಯಲು ಬೇಕಾದ ಥೈರಾಕ್ಸಿನ್ ತಾಯಿಯ ರಕ್ತದಿಂದಲೇ ಬರಬೇಕು. 1999ರಲ್ಲಿ ಅಮೆರಿಕದ ವೈದ್ಯರು, ಬಸುರಿನಲ್ಲಿ ಥೈರಾಯ್ಡ್ ಕೊರತೆ ಇದ್ದ ತಾಯಂದಿರ ಮಕ್ಕಳನ್ನು 7ರಿಂದ 9ನೆಯ ವಯಸ್ಸಿನಲ್ಲಿ ಪರೀಕ್ಷಿಸಿ ವರದಿ ಮಾಡಿದರು. ಚಿಕಿತ್ಸೆ ಪಡೆಯದಿದ್ದ 48 ತಾಯಂದಿರ ಮಕ್ಕಳ ಬುದ್ಧಿಮಟ್ಟದ ಅಂಕ, ಇತರ ಮಕ್ಕಳಿಗಿಂತ ಸರಾಸರಿ 7ರಷ್ಟು ಕಡಿಮೆ ಇತ್ತು.

2004ರಲ್ಲಿ ಇನ್ನೊಂದು ಅಧ್ಯಯನ ಬಂತು. ಮೊದಲೇ ಗುಳಿಗೆ ತೆಗೆದುಕೊಳ್ಳುತ್ತಿದ್ದ ಮಹಿಳೆಯರನ್ನು ಬಸಿರಿನುದ್ದಕ್ಕೂ ಗಮನಿಸಿದಾಗ, ಹೆಚ್ಚಿನವರಿಗೆ ಐದನೆಯ ವಾರದಷ್ಟು ಬೇಗ ಹೆಚ್ಚು ಪ್ರಮಾಣ ಬೇಕಾಯಿತು. ಬಸಿರಿನಲ್ಲಿ ಗುಳಿಗೆ ಬಿಡುವುದಿರಲಿ, ಹೆಚ್ಚಿಸಬೇಕಾಗುತ್ತದೆ! ಆ ಅಧ್ಯಯನ ಮಾಡಿದವರು, ಬಸಿರು ಖಚಿತವಾದ ಕೂಡಲೇ ಪ್ರಮಾಣವನ್ನು ಸುಮಾರು ಶೇ. 30ರಷ್ಟು ಏರಿಸಬೇಕೆಂದರು. ವಾರಕ್ಕೆ ಏಳರ ಬದಲು ಒಂಬತ್ತು ಗುಳಿಗೆ ಎಂಬ ಲೆಕ್ಕ. ನಿಮಗೆ ಎಷ್ಟು ಬೇಕೆಂಬುದನ್ನು ನಿಮ್ಮ ವೈದ್ಯರು ಹೇಳುತ್ತಾರೆ. ನೀವು ಮಾಡಬೇಕಾದದ್ದು ಒಂದೇ: ಮುಟ್ಟು ತಪ್ಪಿದ ವಾರವೇ ಅವರ ಬಳಿ ಹೋಗಿ. ಕುಬಸದವರೆಗೆ ಕಾಯಬೇಡಿ. ಮೊದಲ ಐದು ತಿಂಗಳು ನಾಲ್ಕು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಆಗಬೇಕು. ಹೆರಿಗೆಯ ನಂತರ ಪ್ರಮಾಣವನ್ನು ಮತ್ತೆ ಇಳಿಸುತ್ತಾರೆ. ಮೊಲೆಹಾಲು ಕುಡಿಸುವಾಗಲೂ ಗುಳಿಗೆ ನಡೆಯಲಿ, ಕೂಸಿಗೆ ಯಾವ ಕೇಡೂ ಇಲ್ಲ.

ಅಳದ ಕೂಸು

“ನಮ್ಮ ಕೂಸು ಬಾಳ ಶಾಣ್ಯಾ ಅದ, ಅಳೋದೇ ಇಲ್ಲ” ಎಂದು ಅಜ್ಜಿಯರು ಹೆಮ್ಮೆಯಿಂದ ಹೇಳುವಾಗ ನಾನು ಒಮ್ಮೆ ಕೂಸಿನ ನಾಲಿಗೆ, ಹೊಕ್ಕಳು ನೋಡುತ್ತೇನೆ. ಕೆಲವು ಶಿಶುಗಳು ಥೈರಾಯ್ಡ್ ಇಲ್ಲದೆಯೇ, ಇಲ್ಲವೇ ಕೆಲಸ ಮಾಡದ ಥೈರಾಯ್ಡಿನೊಂದಿಗೆ ಹುಟ್ಟುತ್ತವೆ. ಭಾರತದಲ್ಲಿ ಸಾವಿರ ಚಿಲ್ಲರೆ ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತಿಳಿಸಿದೆ. ತಾಯಿಯ ಹಾರ್ಮೋನು ಸ್ವಲ್ಪ ಉಳಿದಿರುವುದರಿಂದ ಹುಟ್ಟಿದಾಗ ಕೂಸು ಚೆನ್ನಾಗಿಯೇ ಕಾಣುತ್ತದೆ. ಬಹಳ ದಿನ ಇಳಿಯದ ಕಾಮಾಲೆ, ಮಲಬದ್ಧತೆ, ಮೊಲೆ ಚೀಪಲು ಆಲಸ್ಯ, ಒಡಕು ದನಿಯ ಅಳು, ಹೊರಚಾಚಿದ ನಾಲಿಗೆ, ಉಬ್ಬಿದ ಹೊಕ್ಕಳು, ಇವೆಲ್ಲ ತಡವಾಗಿ ಬರುವ ಲಕ್ಷಣಗಳು. ಅಷ್ಟರಲ್ಲಿ ಮೆದುಳಿಗೆ ಆದ ಹಾನಿಯನ್ನು ಪೂರ್ತಿ ತುಂಬಲಾಗುವುದಿಲ್ಲ.

ಕೆನಡಾದ ಕ್ಯುಬೆಕ್ ಪ್ರಾಂತ್ಯದಲ್ಲಿ ಡಾ. ಡುಸ್ಸೋ ಎಂಬುವರು 1970ರ ದಶಕದಲ್ಲಿ ನವಜಾತ ಶಿಶುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಇದನ್ನು ಪತ್ತೆ ಮಾಡುವ ವಿಧಾನ ರೂಪಿಸಿದರು. ಎರಡು ವಾರದೊಳಗೆ ಗುಳಿಗೆ ಶುರುವಾದರೆ ಈ ಮಕ್ಕಳು ಎಲ್ಲರಂತೆ ಬೆಳೆದು ಶಾಲೆಗೆ ಹೋಗುತ್ತಾರೆ. ಆದ್ದರಿಂದ ಹೆರಿಗೆ ಎಲ್ಲೇ ಆಗಲಿ, ಬೀದರಿನಲ್ಲಾಗಲಿ, ಭಾಲ್ಕಿಯಲ್ಲಾಗಲಿ, ತವರಿನವರು ಉದಗೀರಿಗೋ ನಾಂದೇಡಿಗೋ ಕರೆದೊಯ್ದಿರಲಿ, “ಕೂಸಿನ ಟಿ.ಎಸ್.ಎಚ್. ಆಯಿತೇ?” ಎಂದು ಮನೆಗೆ ಹೊರಡುವ ಮುನ್ನ ಕೇಳಿ. ಮೂರರಿಂದ ಐದನೆಯ ದಿನ ಇದಕ್ಕೆ ಸೂಕ್ತ. ಮನೆಯ ಹಿರಿಯರು ಈ ಒಂದು ಪ್ರಶ್ನೆ ಕೇಳಿದರೆ ಒಂದು ಮಗುವಿನ ಬಾಳು ಉಳಿದೀತು.

ಎಲ್ಲರಿಗೂ ಗುಳಿಗೆ ಬೇಕಿಲ್ಲ

ಸಂಶೋಧನೆ ಔಷಧಿ ಕೊಡಲು ಕಲಿಸುವಂತೆ ಕೊಡದಿರಲೂ ಕಲಿಸುತ್ತದೆ. ಟಿ.ಎಸ್.ಎಚ್. ತುಸು ಏರಿದ್ದು ಥೈರಾಕ್ಸಿನ್ ಸರಿಯಾಗಿಯೇ ಇರುವ ವೃದ್ಧರು ಬಹಳ ಮಂದಿ. ಯುರೋಪಿನಲ್ಲಿ 65 ವರ್ಷ ದಾಟಿದ ಇಂಥ 737 ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಔಷಧಿ, ಇನ್ನೊಂದಕ್ಕೆ ತೋರಿಕೆಯ ಗುಳಿಗೆ ಕೊಟ್ಟರು. 2017ರಲ್ಲಿ ಬಂದ ಫಲಿತಾಂಶ: ಸುಸ್ತಿನಲ್ಲಿ ಎರಡೂ ಗುಂಪಿಗೆ ವ್ಯತ್ಯಾಸವಿಲ್ಲ. ಬಸಿರಿನ ಅಲ್ಪ ಕೊರತೆಯ ಬಗ್ಗೆಯೂ 2012 ಮತ್ತು 2017ರ ದೊಡ್ಡ ಪ್ರಯೋಗಗಳು, ಚಿಕಿತ್ಸೆಯಿಂದ ಮಗುವಿನ ಬುದ್ಧಿಮಟ್ಟ ಏರಿದ್ದನ್ನು ಕಾಣಲಿಲ್ಲ. ಆದರೆ ಕೊರತೆ ಸ್ಪಷ್ಟವಾಗಿದ್ದವರಿಗೆ, ಟಿ.ಎಸ್.ಎಚ್. 10 ದಾಟಿದವರಿಗೆ ಲೆಕ್ಕ ಬೇರೆ. ವಯಸ್ಸು, ಬಸಿರು, ಹೃದಯದ ಸ್ಥಿತಿ ನೋಡಿ ವೈದ್ಯರು ನಿರ್ಧರಿಸಬೇಕು. ನೆರೆಮನೆಯವರ ರಿಪೋರ್ಟ್ ನೋಡಿ ನಿಮ್ಮ ಪ್ರಮಾಣ ಗೊತ್ತು ಮಾಡಲಾಗದು. ತೂಕ ಇಳಿಸಲೆಂದು ಈ ಗುಳಿಗೆ ನುಂಗುವುದಂತೂ ಹೃದಯಕ್ಕೂ ಮೂಳೆಗೂ ಅಪಾಯ.

ಗ್ರಂಥಿ ಹೆಚ್ಚು ಕೆಲಸ ಮಾಡುವ ರೋಗವೂ ಇದೆ. ತೂಕ ಇಳಿಯುವುದು, ಎದೆ ಡವಗುಟ್ಟುವುದು, ಕೈ ನಡುಕ, ಬೆವರು, ಕಣ್ಣು ಹೊರಚಾಚುವುದು ಅದರ ಲಕ್ಷಣ. ಅದರ ಗುಳಿಗೆ ಬೇರೆ, ನಿಯಮವೂ ಬೇರೆ. ಕಾರ್ಬಿಮಜೋಲ್ ತೆಗೆದುಕೊಳ್ಳುವವರು ಒಂದನ್ನು ಮರೆಯಬಾರದು. ಜ್ವರ, ಗಂಟಲು ನೋವು ಬಂದರೆ ಗುಳಿಗೆ ನಿಲ್ಲಿಸಿ ಅದೇ ದಿನ ವೈದ್ಯರಲ್ಲಿ ಹೋಗಿ ಬಿಳಿ ರಕ್ತಕಣಗಳ ಪರೀಕ್ಷೆ ಮಾಡಿಸಬೇಕು.

ನಿಮ್ಮನ್ನೇ ಪ್ರಯೋಗಕ್ಕೆ ಕೇಳಿದರೆ

ನಮ್ಮ ಜಿಲ್ಲೆಯಿಂದ ಚಿಕಿತ್ಸೆಗೆ ಹೈದರಾಬಾದಿಗೆ, ಸೊಲ್ಲಾಪುರಕ್ಕೆ ಹೋಗುವವರು ಅನೇಕರು. ದೊಡ್ಡ ಆಸ್ಪತ್ರೆಗಳಲ್ಲಿ “ಒಂದು ಅಧ್ಯಯನ ನಡೆದಿದೆ, ಸೇರುತ್ತೀರಾ?” ಎಂದು ಕೇಳಬಹುದು. ಹೆದರಿ ಓಡುವುದೂ ಬೇಡ, ಕೇಳದೆ ಹೆಬ್ಬೆಟ್ಟು ಒತ್ತುವುದೂ ಬೇಡ. ದೇಶದಲ್ಲಿ ಇದಕ್ಕೆ 2019ರ ನಿಯಮಗಳಿವೆ. ಪ್ರತಿ ಪ್ರಯೋಗಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಔಷಧಿಯ ಪ್ರಯೋಗ ಶುರುವಾಗುವ ಮುನ್ನ ಸರ್ಕಾರಿ ನೋಂದಣಿಯಲ್ಲಿ ದಾಖಲಾಗಬೇಕು. ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು, ಅದರ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಹೊರಬಂದರೆ ನಿಮ್ಮ ಸಾಮಾನ್ಯ ಚಿಕಿತ್ಸೆ ನಿಲ್ಲುವಂತಿಲ್ಲ. “ನನಗೆ ತೋರಿಕೆಯ ಗುಳಿಗೆ ಬರಬಹುದೇ? ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ?” ಎಂದು ಕೇಳುವುದು ನಿಮ್ಮ ಹಕ್ಕು.

ಮನೆಯ ಗೋಡೆಗೆ ಅಂಟಿಸಿಕೊಳ್ಳಿ

1. ಗುಳಿಗೆ ಬರೀ ನೀರಿನ ಜೊತೆ, ಖಾಲಿ ಹೊಟ್ಟೆಯಲ್ಲಿ. ಚಹಾ ಅರ್ಧ ಗಂಟೆಯ ನಂತರ.

2. ಕಬ್ಬಿಣ, ಕ್ಯಾಲ್ಸಿಯಂ ನಾಲ್ಕು ಗಂಟೆ ದೂರ.

3. ಚೆನ್ನಾಗಿದ್ದೇನೆ ಎಂದು ಗುಳಿಗೆ ಬಿಡಬೇಡಿ. ಚೆನ್ನಾಗಿರುವುದು ಗುಳಿಗೆಯಿಂದಲೇ.

4. ಮುಟ್ಟು ತಪ್ಪಿದರೆ ಗುಳಿಗೆ ಮುಂದುವರಿಸಿ, ಅದೇ ವಾರ ವೈದ್ಯರನ್ನು ಕಾಣಿ.

5. ಕೂದಲಿಗೆಂದು ಬಯೋಟಿನ್ ಗುಳಿಗೆ ತಿನ್ನುತ್ತಿದ್ದರೆ ರಕ್ತ ಪರೀಕ್ಷೆಗೆ ಎರಡು ದಿನ ಮುಂಚೆ ನಿಲ್ಲಿಸಿ. ಅದು ರಿಪೋರ್ಟನ್ನು ಏರುಪೇರು ಮಾಡುತ್ತದೆ.

6. ಹಳೆಯ ರಿಪೋರ್ಟುಗಳನ್ನೆಲ್ಲ ಒಂದೇ ಚೀಲದಲ್ಲಿ ಇಡಿ, ಬರುವಾಗ ತನ್ನಿ.

ಔರಾದ ಕಡೆಯ ಆ ಸೊಸೆಗೆ ಅಂದೇ ಗುಳಿಗೆ ಮತ್ತೆ ಶುರುವಾಯಿತು, ತಿಂಗಳಿಗೊಮ್ಮೆ ಪರೀಕ್ಷೆ ಆಯಿತು. ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ಮೂರನೆಯ ದಿನ ತೆಗೆದ ರಕ್ತದಲ್ಲಿ ಮಗುವಿನ ಟಿ.ಎಸ್.ಎಚ್. ಸರಿಯಾಗಿತ್ತು. ಗುಳಿಗೆ ಇಲ್ಲದೆ ಕಳೆದ ಆ ಮೊದಲ ತಿಂಗಳುಗಳು ಮಗುವಿನಿಂದ ಏನನ್ನಾದರೂ ಕಸಿದುಕೊಂಡವೇ? ಇದಕ್ಕೆ ಯಾವ ರಕ್ತ ಪರೀಕ್ಷೆಯೂ ಉತ್ತರ ಕೊಡದು. ಮಗುವನ್ನು ತೋರಿಸಲು ಬಂದಾಗಲೆಲ್ಲ ನಾನು ಅದರ ನಡಿಗೆ, ಮಾತು ಗಮನಿಸುತ್ತೇನೆ. ಜೊತೆಗೆ ಬರುವುದು ಅದೇ ಅತ್ತೆ. ಈಗ ದಿನಾ ಬೆಳಿಗ್ಗೆ ಸೊಸೆಯ ಕೈಗೆ ನೀರು, ಗುಳಿಗೆ ಕೊಟ್ಟ ಮೇಲೆಯೇ ಒಲೆಯ ಮೇಲೆ ಚಹಾ ಇಡುವವರು ಅವರೇ.